ಹದಿನಾಲ್ಕನೇ ಮೊಳೆ

ಕಾಗದದ ಮೇಲೆ ಅದರ ಹೆಸರು ಲಘು ರೈಲು, ಜನರ ಬಾಯಲ್ಲಿ ಚಿಕ್ಕ ರೈಲು. ಎರಡೇ ಡಬ್ಬಿ, ತಲೆಯ ಮೇಲೊಂದು ಕರೆಂಟಿನ ತಂತಿ, ಅಡ್ಡ ಬಂದವರನ್ನು ಬೈಯುವುದಕ್ಕೆ ಒಂದು ಗಂಟೆ. ನಗರದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನಲವತ್ತೆರಡು ಕಡೆ ನಿಲ್ಲುತ್ತದೆ. ನಲವತ್ತೊಂದು ಕಡೆ ನಿಲ್ಲುವುದಕ್ಕೆ ಏನಾದರೊಂದು ಕಾರಣವಿದೆ. ಒಂದು ಕಡೆ ಆಸ್ಪತ್ರೆ, ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಮಾರುಕಟ್ಟೆ. ಹದಿನಾಲ್ಕನೇ ನಿಲ್ದಾಣದಲ್ಲಿ ಯಾಕೆ ನಿಲ್ಲುತ್ತದೆ ಎಂದು ಕೇಳಿದರೆ ಚಾಲಕರು ತಲೆ ಕೆರೆದುಕೊಳ್ಳುತ್ತಾರೆ, ಪ್ರಯಾಣಿಕರು ಆಕಳಿಸುತ್ತಾರೆ, ಕಚೇರಿಯವರು ಫೈಲು ನೋಡಿ ಹೇಳುತ್ತೇವೆ ಅನ್ನುತ್ತಾರೆ.

ರೈಲಿನ ಕೆಲಸದವರಲ್ಲಿ ಕಾರಣ ಗೊತ್ತಿದ್ದವಳು ಒಬ್ಬಳೇ, ಅದೇ ನಿಲ್ದಾಣದ ಕಸ ಗುಡಿಸುವವಳು. ಮೂವತ್ತೊಂದು ವರ್ಷದಿಂದ ಆ ಕಾರಣವನ್ನೂ ಕಸದ ಜೊತೆಗೇ ಗುಡಿಸಿ ಮೂಲೆಗೆ ತಳ್ಳುತ್ತ ಬಂದಿದ್ದಳು.

ಎಲ್ಲರೂ ಅವಳನ್ನು ಕೋಲಕ್ಕ ಎಂದು ಕರೆಯುತ್ತಿದ್ದರು. ಪೊರಕೆಯ ಕೋಲಿನಿಂದ ಬಂದ ಹೆಸರು ಎಂದು ಹೊಸಬರು ತಿಳಿಯುತ್ತಿದ್ದರು. ಪೊರಕೆ ಅವಳ ಕೈಗೆ ಬಂದದ್ದು ಆಮೇಲೆ. ಮೊದಲು ಬಂದದ್ದು ಅಳತೆಯ ಕೋಲು, ಹದಿಮೂರು ಅಡಿ ಉದ್ದದ್ದು, ಮೈತುಂಬ ಕೆಂಪು ಕಪ್ಪು ಅಂಕಿ ಬರೆದದ್ದು. ಇಪ್ಪತ್ತೊಂದನೇ ವಯಸ್ಸಿಗೆ ಅವಳು ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಬೆಳೆದಿದ್ದಳು. ಅವಳ ಅಪ್ಪ ಗೋಡೆಗೆ ಬಣ್ಣ ಹೊಡೆಯುವವನು. ಮಗಳಿದ್ದರೆ ಏಣಿ ಬೇಡ ಎಂದು ಖುಷಿಯಾಗಿದ್ದ. ಅಮ್ಮನಿಗೆ ಮಾತ್ರ ಎದೆಯ ಮೇಲೆ ಬಂಡೆ. 'ಇವಳಿಗೆ ಗಂಡು ಹುಡುಕೋಕೆ ಮಹಡಿ ಮೇಲೆ ಹತ್ತಿ ಕೂಗಬೇಕು' ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅಷ್ಟರಲ್ಲಿ ಚಿಕ್ಕ ರೈಲಿಗೆ ದಾರಿ ಅಳೆಯುವ ಕೆಲಸ ಶುರುವಾಯಿತು. ಉದ್ದನೆಯ ಕೋಲು ಅಲ್ಲಾಡದಂತೆ ಹಿಡಿಯಲು ಉದ್ದನೆಯ ಆಳು ಬೇಕಾಗಿತ್ತು. ಅಳತೆಯ ಅಧಿಕಾರಿ ಇವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ಮುಖದ ಹತ್ತಿರ ಬರುವಷ್ಟರಲ್ಲಿ ಕುತ್ತಿಗೆ ನೋವಾಗಿ, 'ನಾಳೆಯಿಂದ ಬಾ' ಅಂದುಬಿಟ್ಟರು.

ಈ ಅಧಿಕಾರಿಯನ್ನು ಆಳುಗಳು ದುರ್ಬೀನು ಸಾಹೇಬರು ಎನ್ನುತ್ತಿದ್ದರು. ಮೂರು ಕಾಲಿನ ಮೇಲೊಂದು ದುರ್ಬೀನು ಇಟ್ಟುಕೊಂಡು, ಪಕ್ಕದಲ್ಲಿ ಮಡಿಸುವ ಕುರ್ಚಿ, ಕುರ್ಚಿಯ ಮೇಲೆ ದೊಡ್ಡ ಛತ್ರಿ, ಛತ್ರಿಯ ಕೆಳಗೆ ಫ್ಲಾಸ್ಕು. ಕೆಲಸದ ಕ್ರಮ ಸುಲಭ. ಕೋಲಕ್ಕ ದೂರ ಹೋಗಿ, ಹೇಳಿದ ಜಾಗದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಸಾಹೇಬರು ದುರ್ಬೀನಿನಲ್ಲಿ ಅಂಕಿ ಓದಿ ಪುಸ್ತಕದಲ್ಲಿ ಬರೆದು, ಕೆಂಪು ಬಾವುಟ ಕೆಳಗಿಳಿಸುತ್ತಾರೆ. ಬಾವುಟ ಇಳಿಯಿತೋ, ಇವಳು ಕೋಲಿನ ಬುಡದಲ್ಲಿ ರಸ್ತೆಗೆ ಗೇಣುದ್ದದ ಮೊಳೆ ಹೊಡೆದು, ಸುತ್ತ ಕೆಂಪು ಬಣ್ಣದ ಉಂಗುರ ಬಳಿಯಬೇಕು. ಅದಕ್ಕೊಂದು ಸುತ್ತಿಗೆ, ಬಣ್ಣದ ಡಬ್ಬಿ, ಡಬ್ಬಿಯ ಮುಚ್ಚಳ ಎಬ್ಬಿಸಲು ಒಂದು ಚಾಕು, ಎಲ್ಲ ಅವಳ ಹೆಗಲ ಚೀಲದಲ್ಲಿ. ಆಮೇಲೆ ಸಾಹೇಬರು ಖುದ್ದಾಗಿ ನಡೆದುಬಂದು, ಮೊಳೆಯನ್ನು ಕಣ್ಣಾರೆ ನೋಡಬೇಕೆಂದು ನಿಯಮ. ಸಾಹೇಬರಿಗೆ ನಿಯಮದ ಮೇಲೆ ತುಂಬ ಗೌರವವಿತ್ತು. ಬಿಸಿಲಿನ ಮೇಲೆ ಅಷ್ಟು ಇರಲಿಲ್ಲ. ಆದ್ದರಿಂದ ನಿಯಮವನ್ನು ಗೌರವಿಸುತ್ತ ಛತ್ರಿಯ ಕೆಳಗೇ ಕೂರುತ್ತಿದ್ದರು.

ಆ ಹಳೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಅಂದರೆ ಎರಡು ವರ್ಷ ದುರ್ಬೀನು ಸಾಹೇಬರು ಕೋಲಕ್ಕನನ್ನು ಕಾಲು ಮೇಲೆ ತಲೆ ಕೆಳಗೆ ಮಾಡಿಯೇ ನೋಡಿದ್ದು. ಅದೂ ಕೋಲಿನ ಅಕ್ಕಪಕ್ಕ ಕಂಡ ನಾಲ್ಕು ಬೆರಳಿನಷ್ಟು ಮಾತ್ರ.

ಹದಿನಾಲ್ಕನೇ ಮೊಳೆ ಹೊಡೆಯಬೇಕಾಗಿದ್ದದ್ದು ನಾಲ್ಕು ರಸ್ತೆ ಕೂಡುವ ಗಡಿಯಾರದ ಕಂಬದ ಬಳಿ. ಆ ದಿನ ಕೋಲಕ್ಕ ಕೋಲು ಹೊತ್ತು ಹೊರಟಳು. ಕಂಬ ಇನ್ನೂ ಮುನ್ನೂರು ಹೆಜ್ಜೆ ಇದೆ ಅನ್ನುವಾಗ ಬಲಗಾಲಿನ ಚಪ್ಪಲಿಯ ಉಂಗುಷ್ಟ ಹರಿಯಿತು. ಹರಿಯಿತು ಎಂದೇ ಅವಳು ಹೇಳುತ್ತ ಬಂದಿದ್ದಾಳೆ, ನಾವೂ ಹಾಗೆಯೇ ಹೇಳೋಣ. ಚಪ್ಪಲಿ ಕೊಂಡು ಹದಿನೈದು ದಿನವೂ ಆಗಿರಲಿಲ್ಲ. ಅದೃಷ್ಟಕ್ಕೆ ಅಲ್ಲೇ ಒಂದು ಗೋಡೆಗೆ ಬೆನ್ನು ಕೊಟ್ಟು, ಮುಂದೆ ಮರದ ಪೆಟ್ಟಿಗೆ ಇಟ್ಟುಕೊಂಡು, ಚಪ್ಪಲಿ ರಿಪೇರಿ ಮಾಡುವ ಒಬ್ಬ ಯುವಕ ಕೂತಿದ್ದ. ಕೋಲಕ್ಕ ಬರಿಗಾಲನ್ನು ಪೆಟ್ಟಿಗೆಯ ಮೇಲಿಟ್ಟು, ಕೋಲನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಮೊಣಕೈಯಲ್ಲಿ ಒತ್ತಿ ಹಿಡಿದು, 'ಸ್ವಲ್ಪ ಬೇಗ ಮಾಡಿಕೊಡಿ' ಅಂದಳು. ಯುವಕ ಚಪ್ಪಲಿ ನೋಡಿದ, ಕಾಲು ನೋಡಿದ, ತಲೆಯೆತ್ತಿ ಮುಖ ನೋಡಿದ, ಮತ್ತೆ ಚಪ್ಪಲಿ ನೋಡಿ ಹೊಲಿಯಲು ಕೂತ. ಹೊಲಿದ, ಬಿಚ್ಚಿದ, ಮತ್ತೆ ಹೊಲಿದ.

ದೂರದಲ್ಲಿ ಸಾಹೇಬರು ದುರ್ಬೀನಿಗೆ ಕಣ್ಣಿಟ್ಟರು. ಕೋಲು ನೆಟ್ಟಗೆ ನಿಂತಿದೆ, ಅಂಕಿ ಸ್ಪಷ್ಟವಾಗಿದೆ. ಬರೆದುಕೊಂಡು ಬಾವುಟ ಇಳಿಸಿದರು. ಕೋಲಕ್ಕ ನೋಡಿದಳು: ಬಾವುಟ ಕೆಳಗೆ, ಚಪ್ಪಲಿ ಇನ್ನೊಬ್ಬನ ಕೈಯಲ್ಲಿ, ಡಾಂಬರು ಕಾದ ಹೆಂಚು. ಇಷ್ಟು ದೊಡ್ಡ ನಗರದಲ್ಲಿ ಮುನ್ನೂರು ಹೆಜ್ಜೆ ಯಾವ ಲೆಕ್ಕ ಅನ್ನಿಸಿತು. ನಿಂತಲ್ಲಿಂದಲೇ ಬಗ್ಗಿ ಕೋಲಿನ ಬುಡಕ್ಕೆ ಮೊಳೆ ಹೊಡೆದು ಉಂಗುರ ಬಳಿದಳು.

ಕಚೇರಿಯಲ್ಲಿ ನಕ್ಷೆ ಬರೆಯುವವರ ಹತ್ತಿರ ಸಾಹೇಬರ ಪುಸ್ತಕ ಹೋಯಿತು. ಅದರಲ್ಲಿ 'ಬಿಂದು ಹದಿನಾಲ್ಕು, ಇಲ್ಲಿ ನಿಲ್ದಾಣ' ಎಂದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರು ಅವರು. ಮೊಳೆ ಇದ್ದಲ್ಲಿ ನಿಲ್ದಾಣ ಬರೆದರು. ಗುದ್ದಲಿ ಪಿಕಾಸಿ ಹಿಡಿದು ಆಳುಗಳು ಬಂದು ಗಡಿಯಾರದ ಕಂಬವನ್ನು ಬಿಟ್ಟು ಆ ಗೋಡೆಯ ಮುಂದೆ ಅಗೆಯಲು ನಿಂತಾಗ ಕೋಲಕ್ಕನಿಗೆ ಮುನ್ನೂರು ಹೆಜ್ಜೆಯ ಲೆಕ್ಕ ಗೊತ್ತಾಯಿತು. ಆಗ ಬಾಯಿ ಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಅವಳು ಆ ಚಪ್ಪಲಿಯವನನ್ನೇ ಮದುವೆಯಾಗಿದ್ದಳು, ಮತ್ತು ಅವನ ಪೆಟ್ಟಿಗೆ ಮೊಳೆಯಿಂದ ಒಂದು ಮಾರು ದೂರದಲ್ಲಿತ್ತು.

ಆ ಮೊಳೆ ಅವನಿಗೆ ಬಹಳ ಉಪಕಾರ ಮಾಡಿತು. ನಿಲ್ದಾಣ ಮುಗಿಯುವವರೆಗೆ ಅಳತೆಯ ಮೊಳೆ ಕೂದಲೆಳೆಯಷ್ಟೂ ಅಲ್ಲಾಡಬಾರದು ಎಂದು ಗುತ್ತಿಗೆದಾರನಿಗೆ ಅಪ್ಪಣೆಯಾಗಿತ್ತು. ಗುತ್ತಿಗೆದಾರ ಚಪ್ಪಲಿಯವನನ್ನು ಎಬ್ಬಿಸಲು ಬಂದಾಗ ಇವನು, 'ಎಬ್ಬಿಸಿ ಸ್ವಾಮಿ, ನಂಗೇನು? ಆದ್ರೆ ಈ ಪೆಟ್ಟಿಗೆ ಸರಿಸೋವಾಗ ಮೊಳೆ ಅಲ್ಲಾಡಿದ್ರೆ ನನ್ನ ಕೇಳಬೇಡಿ' ಅಂದ. ಗುತ್ತಿಗೆದಾರ ಪೆಟ್ಟಿಗೆಯನ್ನೂ ಮೊಳೆಯನ್ನೂ ಎರಡೆರಡು ಸಲ ನೋಡಿ, 'ಇಲ್ಲೇ ಕೂತ್ಕೊಂಡು ಇದನ್ನ ಕಾಯ್ತಿರು' ಅಂದು ಹೋದ. ಆರು ವರ್ಷ ಅವನು ಮೊಳೆ ಕಾದ. ರಸ್ತೆ ಅಲ್ಲಿ ಇಳಿಜಾರಾಗಿದ್ದರಿಂದ ನಿಲ್ದಾಣಕ್ಕೆ ಹನ್ನೊಂದು ಮೆಟ್ಟಿಲು ಕಟ್ಟಬೇಕಾಯಿತು, ಮೆಟ್ಟಿಲು ಅವನ ತಲೆಯ ಮೇಲೆಯೇ ಬಂತು. ಬಿಸಿಲಿಗೆ ನೆರಳು, ಮಳೆಗೆ ಸೂರು. ಸರ್ಕಾರ ತನಗೋಸ್ಕರ ಅಂಗಡಿ ಕಟ್ಟಿಸಿತು, ಮೇಲೆ ಜಾಗ ಮಿಕ್ಕಿತ್ತು ಅಂತ ರೈಲು ಬಿಟ್ಟಿತು ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ.

ನಿಲ್ದಾಣದ ವೈಭವವನ್ನೂ ಸ್ವಲ್ಪ ಹೇಳಬೇಕು. ಉದ್ಘಾಟನೆಯ ದಿನ ಬ್ಯಾಂಡು ಬಾರಿಸುವವರು ಗಡಿಯಾರದ ಕಂಬದ ಹತ್ತಿರ ನಿಂತು ಕಾದರು, ರೈಲು ಇಲ್ಲಿ ನಿಂತಿತು. ಮೊದಲ ರೈಲಿನಿಂದ ಇಬ್ಬರು ಇಳಿದರು. ಅವರಲ್ಲಿ ಒಬ್ಬ ತಪ್ಪಿ ಇಳಿದವನು. ಚಾವಣಿಯ ಇಳಿಜಾರು ಉಲ್ಟಾ ಆಗಿ, ಮಳೆಯ ನೀರು ಹಳಿಯ ಮೇಲೆ ಬೀಳುವ ಬದಲು ಕಾಯುವವರ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಮೂರು ವರ್ಷವಾದ ಮೇಲೆ ಜನ ಗಲಾಟೆ ಮಾಡಿ ಗಡಿಯಾರದ ಕಂಬದ ಬಳಿ ಇನ್ನೊಂದು ನಿಲ್ದಾಣ ಮಾಡಿಸಿಕೊಂಡರು. ಅದಕ್ಕೆ 'ಹದಿನಾಲ್ಕು ಎ' ಎಂದು ಹೆಸರು. ಗಾಜಿನ ಗೋಡೆ, ಹೊಳೆಯುವ ನೆಲ, ಒಂದೂ ಮೆಟ್ಟಿಲಿಲ್ಲ. ಅಂದಿನಿಂದ ರೈಲು ಹದಿನಾಲ್ಕು ಬಿಟ್ಟು ಉಸಿರೆಳೆದುಕೊಳ್ಳುವಷ್ಟರಲ್ಲಿ ಹದಿನಾಲ್ಕು ಎ ಬರುತ್ತಿತ್ತು. ಚಾಲಕರು ನಮ್ಮ ನಿಲ್ದಾಣಕ್ಕೆ 'ಕೆಮ್ಮು' ಎಂದು ಹೆಸರಿಟ್ಟರು. ಹೆಸರಿಟ್ಟವರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಕೋಲಕ್ಕನ ಮಗಳದು.

ಹೌದು, ಮಗಳು ಅದೇ ಚಿಕ್ಕ ರೈಲಿನ ಚಾಲಕಿ. ಅಮ್ಮನ ಎತ್ತರ, ಅಪ್ಪನ ನಾಲಿಗೆ. ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. 'ಅಮ್ಮ, ನಿನ್ನ ಸ್ಟೇಷನ್ನಲ್ಲಿ ಬ್ರೇಕ್ ಹಾಕಿ ಹಾಕಿ ನನ್ನ ಭುಜ ಬಿದ್ದುಹೋಯ್ತು. ಯಾವ ಪುಣ್ಯಾತ್ಮ ಅಲ್ಲಿ ಸ್ಟೇಷನ್ ಮಾಡಿದ್ನೋ, ಸಿಕ್ಕಿದ್ರೆ ಹಳಿ ಮೇಲೆ ಮಲಗಿಸ್ತೀನಿ.' ಪುಣ್ಯಾತ್ಮಳು ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕಚೇರಿಗೆ ಹೊಸ ಮ್ಯಾನೇಜರು ಬಂದರು. ಬಂದ ತಿಂಗಳಲ್ಲೇ ಬಣ್ಣಬಣ್ಣದ ಪಟ್ಟಿ ಬರೆಸಿ, ಹದಿನಾಲ್ಕನೇ ನಿಲ್ದಾಣದಿಂದ ಪ್ರತಿ ರೈಲಿಗೂ ಎರಡು ನಿಮಿಷ ದಂಡ ಎಂದು ಕಂಡುಹಿಡಿದರು. ನಿಲ್ದಾಣದ ಕಂಬಕ್ಕೆ ನೋಟಿಸು ಅಂಟಿಸಿದರು: ಈ ನಿಲ್ದಾಣವನ್ನು ಕೆಡವಲು ಯೋಚಿಸಲಾಗಿದೆ, ಇದು ಇಲ್ಲೇ ಇರಬೇಕಾದ ಕಾರಣ ಯಾರಿಗಾದರೂ ಗೊತ್ತಿದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು, ಹದಿನಾರನೇ ದಿನ ಇಲ್ಲಿಯೇ ಸಭೆ.

ಕಾರಣ ಹುಡುಕಲು ಕಚೇರಿಯಿಂದ ಒಬ್ಬ ಹುಡುಗಿಯನ್ನು ಕಳಿಸಿದರು. ಹಳೆಯ ಕಾಗದದ ಕೋಣೆಯಲ್ಲಿ ಕೆಲಸ ಮಾಡುವವಳು, ದಿನವಿಡೀ ಧೂಳಿಗೆ ಸೀನುವವಳು, ತುಂಬ ಒಳ್ಳೆಯವಳು. ಕೋಲಕ್ಕ ಅವಳನ್ನು ಫೈಲು ಮೇಡಂ ಎಂದು ಕರೆದಳು.

'ಅಮ್ಮಾ, ನೀವು ಮೊದಲಿನಿಂದ ಇಲ್ಲೇ ಇದ್ದೀರಂತೆ. ಈ ಸ್ಟೇಷನ್ ಯಾಕೆ ಇಲ್ಲಿದೆ ಅಂತ ಏನಾದ್ರೂ ಗೊತ್ತಾ?' ಎಂದು ಫೈಲು ಮೇಡಂ ಕೇಳಿದಳು.

'ನಂಗೇನ್ ಗೊತ್ತು ಮೇಡಂ, ನಾನು ಕಸ ಗುಡಿಸೋಳು' ಎಂದು ಕೋಲಕ್ಕ ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸಿದಳು. ಫೈಲು ಮೇಡಂ ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಧೂಳೆದ್ದು ಸೀನು ಬಂತು.

ಆದರೆ ಕೋಲಕ್ಕನಿಗೆ ಹೆದರಿಕೆ ಹತ್ತಿಕೊಂಡಿತು. ತನಗಾಗಿ ಅಲ್ಲ. ಅವಳನ್ನು ಬೇರೆ ನಿಲ್ದಾಣಕ್ಕೆ ಹಾಕುತ್ತಾರೆ. ಕಸ ಎಲ್ಲ ಕಡೆಯೂ ಇರುತ್ತದೆ. ಹೆದರಿಕೆ ಮೆಟ್ಟಿಲ ಕೆಳಗಿದ್ದವನಿಗಾಗಿ. ಗಂಡನಿಗೆ ಅರವತ್ತನಾಲ್ಕು ದಾಟಿತ್ತು, ಬಲ ಮೊಣಕಾಲು ಮಡಚಿದರೆ ಬಿಚ್ಚದು, ಬಿಚ್ಚಿದರೆ ಮಡಚದು. ಮನೆಯಿಂದ ಪೆಟ್ಟಿಗೆಗೆ ನೂರ ತೊಂಬತ್ತು ಹೆಜ್ಜೆ, ಅಷ್ಟಕ್ಕೇ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಹದಿನಾಲ್ಕು ಎ ಹತ್ತಿರ ಅವನನ್ನು ಕೂರಲು ಬಿಡುವವರಿಲ್ಲ; ಆ ಗಾಜಿನ ಗೋಡೆಗೆ ಬೆನ್ನು ಕೊಟ್ಟರೆ ಕಲೆಯಾಗುತ್ತದಂತೆ. ಮೆಟ್ಟಿಲು ಕೆಡವಿದ ಮರುದಿನದಿಂದ ಅವನು ಮನೆಯೊಳಗೆ ಕಿಟಕಿ ನೋಡುತ್ತ ಕೂರುತ್ತಾನೆ, ಒಂದು ವರ್ಷದಲ್ಲಿ ಅವನ ನಾಲಿಗೆಯೂ ಮೊಣಕಾಲಿನ ಹಾಗೆ ಆಗುತ್ತದೆ.

'ರೀ, ನಾನು ನಿಜ ಹೇಳಿಬಿಡ್ಲಾ?' ಎಂದು ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ಕೇಳಿದಳು.

ಗಂಡ ಬಾಯಲ್ಲಿದ್ದ ನಾಲ್ಕು ಸಣ್ಣ ಮೊಳೆ ತೆಗೆದು ಅಂಗೈಗೆ ಹಾಕಿಕೊಂಡ. 'ಏನಂತ ಹೇಳ್ತೀಯ? ಚಪ್ಪಲಿ ಹರಿದಿತ್ತು, ಅದಕ್ಕೆ ಸ್ಟೇಷನ್ ಕಟ್ಟಿದ್ವಿ ಅಂತಾನಾ? ಕೆಡವೋಕೆ ಒಂದು ಕಾರಣ ಸಾಲದು ಅಂತ ಇನ್ನೊಂದು ಕೊಟ್ಟಂಗೆ. ಆಮೇಲೆ ಸ್ಟೇಷನ್ನೂ ಹೋಗುತ್ತೆ, ನಿನ್ನ ಕೆಲಸಾನೂ ಹೋಗುತ್ತೆ. ಸುಮ್ನಿರು.'

'ನಿಮ್ಮ ಕತೆ ಏನು?'

'ನನ್ನ ಕತೆ ಏನಿದೆ? ಮೂವತ್ತೇಳು ವರ್ಷ ಕೂತಿದ್ದೀನಿ, ಎದ್ದರಾಯ್ತು' ಅಂದು ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ. ಏಳುವುದು ಅವನಿಗೆ ಎಷ್ಟು ಕಷ್ಟ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹದಿನಾರನೇ ದಿನ ಬಂತು. ಎದುರಿನ ಡ್ರೈವಿಂಗ್ ಶಾಲೆಯಿಂದ ಕುರ್ಚಿ ತಂದು ನಿಲ್ದಾಣದ ಮೇಲೆ ಹಾಕಿದರು. ಕಾಯುವ ಜನ, ಸುಮ್ಮನೆ ಬಂದ ಜನ, ಪಕ್ಕದ ಹಲ್ಲಿನ ಡಾಕ್ಟರ ಬಳಿ ಬಂದು ಅರ್ಧ ಬಾಯಿ ಮರಗಟ್ಟಿದ್ದವರು ಎಲ್ಲ ಸೇರಿದರು. ಚಾಲಕರ ಪರವಾಗಿ ಮಗಳು ಬಂದು ಮುಂದಿನ ಸಾಲಿನಲ್ಲೇ ಭುಜ ಒತ್ತಿಕೊಳ್ಳುತ್ತ ಕೂತಳು. ಕೋಲಕ್ಕ ಪೊರಕೆ ಹಿಡಿದು ಕಂಬದ ಮರೆಯಲ್ಲಿ ನಿಂತಳು. ಗಂಡ ಕೆಳಗೆ ಪೆಟ್ಟಿಗೆಯ ಬಳಿಯೇ ಇದ್ದ. ಹನ್ನೊಂದು ಮೆಟ್ಟಿಲು ಅವನು ಹತ್ತಲಾರ, ಆದರೆ ಮೇಲಿನ ಪ್ರತಿ ಮಾತೂ ಕೇಳುತ್ತಿತ್ತು.

ಮ್ಯಾನೇಜರು ಒಬ್ಬ ವಿಶೇಷ ಅತಿಥಿಯನ್ನು ಕರೆತಂದಿದ್ದರು. ಕೈಗೋಲು ಊರಿಕೊಂಡು ಮೆಲ್ಲಗೆ ಬಂದವರು ದುರ್ಬೀನು ಸಾಹೇಬರು! ಎಂಬತ್ತು ದಾಟಿದ್ದರೂ ಠೀವಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಇಂದಿಗೂ ಒಬ್ಬ ಆಳು ಹಿಂದಿನಿಂದ ಛತ್ರಿ ಹಿಡಿದಿದ್ದ. ಕೋಲಕ್ಕನ ಮುಂದೆಯೇ ಹಾದು ಹೋದರು, ಗುರುತು ಹಿಡಿಯಲಿಲ್ಲ. ಹೇಗೆ ಹಿಡಿದಾರು? ಅವಳು ಈಗ ತಲೆ ಮೇಲೆ ಮಾಡಿ ನಿಂತಿದ್ದಳು.

ಫೈಲು ಮೇಡಂ ಹಳೆಯ ಅಳತೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಸೀನಿದಳು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಕೇಳಿದರು. 'ಸಾರ್, ಈ ಪುಸ್ತಕ ನಿಮ್ಮದೇ. ಬಿಂದು ಹದಿನಾಲ್ಕು ಇಲ್ಲಿ ಯಾಕೆ ಬಂತು ಅಂತ ಸ್ವಲ್ಪ ಹೇಳ್ತೀರಾ?'

ಸಾಹೇಬರು ಎದ್ದು ನಿಂತರು. 'ಇದು ನನ್ನ ಕೆಲಸ ಅಲ್ಲ. ನಾನು ಹೇಳಿದ್ದು ಗಡಿಯಾರದ ಕಂಬದ ಹತ್ತಿರ. ಕೋಲು ಹಿಡಿಯೋಕೆ ಯಾವಳೋ ಒಬ್ಬಳಿದ್ದಳು. ಉದ್ದ ಬೆಳೆದಿದ್ದಳು ಅಷ್ಟೇ, ಮೇಲಂತಸ್ತು ಖಾಲಿ. ಎಲ್ಲೋ ನಿದ್ದೆ ಹೊಡೆದು ತಪ್ಪು ಜಾಗದಲ್ಲಿ ಮೊಳೆ ಹೊಡೆದಳು. ಅವತ್ತೇ ನಾನು ಬಂದು ನೋಡಿ ಚೆನ್ನಾಗಿ ಬೈದಿದ್ದೆ. ಕೆಡವಿ, ಮೊದಲು ಕೆಡವಿ. ನನ್ನ ಹೆಸರಿಗೆ ಅಂಟಿದ ಮಸಿ ಇದೊಂದೇ.'

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ್ದನ್ನು ಮೇಕೆಗಳು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತವೆ. ಕೋಲಕ್ಕನೂ ಸಹಿಸುತ್ತಿದ್ದಳೋ ಏನೋ. ತಪ್ಪು ತನ್ನದು, ಅದು ಅವಳಿಗೆ ಗೊತ್ತಿತ್ತು. ಆದರೆ 'ನಿದ್ದೆ ಹೊಡೆದು' ಎಂಬ ಮಾತು ಎದೆಗೆ ಚುಚ್ಚಿತು. ಎರಡು ವರ್ಷ ಬಿಸಿಲಲ್ಲಿ ಹದಿಮೂರು ಅಡಿ ಕೋಲನ್ನು ಗಾಳಿಗೂ ಅಲ್ಲಾಡದಂತೆ ಹಿಡಿದವಳು ಅವಳು. ನಿದ್ದೆ ಮಾಡುತ್ತಿದ್ದದ್ದು ಯಾರು ಎಂಬುದನ್ನು ಅಷ್ಟು ದೂರದಿಂದಲೂ ದಿನಾ ನೋಡಿದ್ದಳು. ಪೊರಕೆಯನ್ನು ಕಂಬಕ್ಕೆ ಒರಗಿಸಿ ಮುಂದೆ ಬಂದಳು.

'ಸಾಹೇಬ್ರೇ, ಆ ಯಾವಳೋ ನಾನೇ. ನೀವು ನನ್ನ ಬೈದಿದ್ದು ಯಾವತ್ತು? ಬೈಬೇಕಾದ್ರೆ ಹತ್ರ ಬರಬೇಕಲ್ವಾ? ನೀವು ಕುರ್ಚಿ ಬಿಟ್ಟು ಎದ್ದಿದ್ದೇ ನಾನು ನೋಡಿಲ್ಲ.'

ಮಗಳು ಕುರ್ಚಿಯಿಂದ ಅರ್ಧ ಎದ್ದು, 'ಅಮ್ಮಾ?' ಅಂದಳು.

'ಹೂಂ ಕಣೆ, ಹಳಿ ಮೇಲೆ ಆಮೇಲೆ ಮಲಗಿಸುವಂತೆ, ತಡಿ' ಅಂದು ಕೋಲಕ್ಕ ಮ್ಯಾನೇಜರ ಕಡೆ ತಿರುಗಿದಳು. 'ತಪ್ಪು ಮಾಡಿದ್ದು ನಾನೇ ಸಾರ್. ಚಪ್ಪಲಿ ಹರಿದಿತ್ತು, ಇಲ್ಲೇ ಕೆಳಗೆ ಹೊಲಿಸ್ತಾ ಇದ್ದೆ, ಬಾವುಟ ಬಿತ್ತು, ಮೊಳೆ ಹೊಡೆದೆ. ನಿದ್ದೆ ಮಾತ್ರ ಮಾಡಿಲ್ಲ. ಬೇಕಾದ್ರೆ ಬರ್ಕೊಳ್ಳಿ, ಕೆಲಸದಿಂದ ತೆಗೀರಿ. ಆದ್ರೆ ಸಾಹೇಬರು ಬಂದು ನೋಡಿದ್ರು ಅನ್ನೋದು ಸುಳ್ಳು. ಇದನ್ನೂ ನೋಡಿಲ್ಲ, ಬೇರೆ ಯಾವುದನ್ನೂ ನೋಡಿಲ್ಲ. ನಲವತ್ತೊಂದು ಮೊಳೆ ಹೊಡೆದಿದ್ದೀನಿ, ಒಂದರ ಹತ್ರಾನೂ ಅವರ ನೆರಳು ಬಿದ್ದಿಲ್ಲ.'

ಜನ ಗೊಳ್ಳೆಂದು ನಕ್ಕರು. ಬಾಯಿ ಮರಗಟ್ಟಿದ್ದವರು ಅರ್ಧ ಬಾಯಲ್ಲೇ ನಕ್ಕರು. ಸಾಹೇಬರು, 'ಸುಳ್ಳು! ನನ್ನ ಸಹಿ ಇದೆ, ನೋಡಿ' ಎಂದು ಪುಸ್ತಕದ ಕಡೆ ಕೈಗೋಲು ಚಾಚಿದರು.

ಸಹಿ ಇತ್ತು. ಫೈಲು ಮೇಡಂ ಕೊನೆಯ ಹಾಳೆ ತೆಗೆದು ಗಟ್ಟಿಯಾಗಿ ಓದಿದಳು: 'ಈ ಮಾರ್ಗದ ನಲವತ್ತೊಂದು ಬಿಂದುಗಳ ಬಳಿಗೂ ನಾನು ಖುದ್ದಾಗಿ ನಡೆದು ಹೋಗಿ, ಕಣ್ಣಾರೆ ಕಂಡು, ಸರಿ ಇದೆಯೆಂದು ಸಹಿ ಮಾಡಿದ್ದೇನೆ.' ಎಲ್ಲಕ್ಕೂ ಸೇರಿ ಒಂದೇ ಸಹಿ. ಬೇರೆ ಬೇರೆ ಸಹಿ ಹಾಕಲೂ ಸಾಹೇಬರಿಗೆ ಬೇಸರವಾಗಿತ್ತು.

ಓದಿ ಮುಗಿಸಿದ ಫೈಲು ಮೇಡಂ ಏನೂ ಅರಿಯದ ಮಗುವಿನ ಹಾಗೆ ಕೇಳಿದಳು. 'ಸಾರ್, ರೈಲು ಓಡಿಸೋಕೆ ನಮಗೆ ಅನುಮತಿ ಸಿಕ್ಕಿದ್ದು ಈ ಹಾಳೆ ಮೇಲೇ ಅಲ್ವಾ? ಬಿಂದು ಹದಿನಾಲ್ಕು ತಪ್ಪು ಅಂತ ಬರೆದ್ರೆ ಈ ಸಹಿ ಸುಳ್ಳಾಗುತ್ತೆ. ಸಹಿ ಒಂದೇ ಇರೋದು. ಹಾಗಾದ್ರೆ ಉಳಿದ ನಲವತ್ತು?'

ಮ್ಯಾನೇಜರು ಬಣ್ಣದ ಪಟ್ಟಿ ಬರೆಯುವವರಾದರೂ ದಡ್ಡರಲ್ಲ. ಅವರ ಮುಖದಲ್ಲಿ ಒಂದೊಂದೇ ಬಣ್ಣ ಇಳಿಯಿತು. ಈ ನಿಲ್ದಾಣ ತಪ್ಪು ಎಂದರೆ ಸಹಿ ಸುಳ್ಳು, ಸಹಿ ಸುಳ್ಳಾದರೆ ಇಡೀ ಮಾರ್ಗಕ್ಕೆ ಅನುಮತಿಯೇ ಇಲ್ಲ, ಅನುಮತಿ ಇಲ್ಲವೆಂದರೆ ಇಂದು ಸಂಜೆಯಿಂದ ರೈಲೇ ಇಲ್ಲ. ಎರಡು ನಿಮಿಷ ಉಳಿಸಲು ಬಂದವರಿಗೆ ಎರಡು ವರ್ಷ ರೈಲು ನಿಲ್ಲಿಸಿ ಊರೆಲ್ಲ ಮತ್ತೆ ಅಳೆಸುವ ಯೋಗ ಎದುರಿಗೆ ಬಂದು ನಿಂತಿತ್ತು.

'ಪೆನ್ನು ಕೆಳಗಿಡಿ' ಎಂದು ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ಹೇಳಿದರು. ಆಮೇಲೆ ಕೋಲಕ್ಕನ ಹತ್ತಿರ ಬಂದು ದನಿ ತಗ್ಗಿಸಿದರು. 'ಅಮ್ಮಾ, ಉಳಿದ ಮೊಳೆಗಳನ್ನ... ಸರಿಯಾಗೇ ಹೊಡೆದಿದ್ದೀರಲ್ವಾ?'

'ಸರಿಯಾಗೇ ಹೊಡೆದಿದ್ದೀನಿ ಸಾರ್. ಚಪ್ಪಲಿ ಹರಿದಿದ್ದು ಒಂದೇ ಸಲ.'

ಮ್ಯಾನೇಜರು ನೆಮ್ಮದಿಯ ಉಸಿರು ಬಿಟ್ಟು ಮೇಜಿನ ಬಳಿ ಹೋದರು. ಹಳೆಯ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿದಾಗ ನಿಲ್ದಾಣ ಇರಬೇಕಾದ ಜಾಗದಲ್ಲೇ ಇದೆಯೆಂದು ಖಚಿತವಾಗಿದೆ, ಅದನ್ನು ಕೆಡವುವ ಯೋಚನೆ ಕಚೇರಿಗೆ ಎಂದೂ ಇರಲಿಲ್ಲ ಎಂದು ಘೋಷಿಸಿದರು. ನೋಟಿಸು ಅವರ ತಲೆಯ ಹಿಂದಿನ ಕಂಬದ ಮೇಲೆಯೇ ಇತ್ತು. ಸಾಹೇಬರ ದೂರದೃಷ್ಟಿಗೆ ಚಪ್ಪಾಳೆ ತಟ್ಟಬೇಕೆಂದೂ ಕೇಳಿಕೊಂಡರು. ಸಾಹೇಬರು ಮೊದಲು ಗೊಂದಲಪಟ್ಟು, ಆಮೇಲೆ ಚಪ್ಪಾಳೆ ತಮಗೇ ಎಂದು ಗೊತ್ತಾಗಿ, ಕೈ ಮುಗಿದು ಸ್ವೀಕರಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಕೋಲಕ್ಕನ ಕೆಲಸವೂ ಹೋಗಲಿಲ್ಲ. ಏಕೆಂದರೆ ಅವಳು ಏನನ್ನೂ ಹೇಳಿಯೇ ಇರಲಿಲ್ಲ, ಕಾಗದದ ಪ್ರಕಾರ.

ಜನ ಕರಗಿದ ಮೇಲೆ ಮಗಳು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. 'ಅಂದ್ರೆ ದಿನಕ್ಕೆ ಎಂಟು ಸಲ ನಾನು ನಿನ್ನ ಚಪ್ಪಲಿಗೋಸ್ಕರ ಬ್ರೇಕ್ ಹಾಕ್ತಿದ್ದೀನಿ.'

'ಚಪ್ಪಲಿ ಹರೀದೇ ಇದ್ದಿದ್ರೆ ಬ್ರೇಕೂ ಇರ್ತಿರಲಿಲ್ಲ, ನೀನೂ ಇರ್ತಿರಲಿಲ್ಲ. ಹೋಗು, ನಿನ್ನ ಗಾಡಿಗೆ ಹೊತ್ತಾಯ್ತು' ಎಂದು ಕೋಲಕ್ಕ ಪೊರಕೆ ಎತ್ತಿಕೊಂಡಳು.

ತಿಂಗಳೊಳಗೆ ಮೆಟ್ಟಿಲ ಪಕ್ಕದ ಗೋಡೆಗೆ ಕಲ್ಲಿನ ಫಲಕ ಬಂತು. ಅಂಗೈ ದಪ್ಪದ ಕಲ್ಲು, ಬಂಗಾರದ ಬಣ್ಣದ ಅಕ್ಷರ. 'ಆಳವಾದ ಅಧ್ಯಯನದ ನಂತರ ಈ ಸ್ಥಳವನ್ನು ನಿಲ್ದಾಣಕ್ಕಾಗಿ ಆರಿಸಲಾಯಿತು' ಎಂದು ಬರೆದು, ಕೆಳಗೆ ಸಾಹೇಬರ ಹೆಸರು, ಅದರ ಕೆಳಗೆ ಮ್ಯಾನೇಜರ ಹೆಸರು ಇನ್ನೂ ಸ್ವಲ್ಪ ದಪ್ಪಕ್ಕೆ. ಫಲಕ ಒರೆಸುವ ಕೆಲಸ ಕೋಲಕ್ಕನಿಗೆ ಹೆಚ್ಚುವರಿಯಾಗಿ ಬಂತು.

ಮೊದಲ ಸಲ ಅದನ್ನು ಒರೆಸಿ ಮುಗಿಸಿ ಅವಳು ಮೆಟ್ಟಿಲ ಕೆಳಗೆ ಬಂದು, ಗಂಡನ ಎದುರಿನ ಮೋಟು ಸ್ಟೂಲಿನ ಮೇಲೆ ಕೂತಳು. ಅವನು ಯಾರದೋ ಬೂಟಿಗೆ ಅಟ್ಟೆ ಹಚ್ಚುತ್ತಿದ್ದ. ಪೆಟ್ಟಿ‌ಗೆಯ ಪಕ್ಕದಲ್ಲಿ ಆ ಮೊಳೆಯ ತಲೆ, ಸವೆದು ಸವೆದು ಕನ್ನಡಿಯಂತಾದದ್ದು, ಮಿಣ್ಣಗೆ ಹೊಳೆಯುತ್ತಿತ್ತು. ಅವಳ ಮನಸ್ಸಿನಲ್ಲಿ ಇನ್ನೊಂದು ಉಳಿದಿತ್ತು. ಇಷ್ಟು ಜನರ ಮುಂದೆ ನಿಜ ಹೇಳಿದವಳು ಇವನೊಬ್ಬನ ಮುಂದೆ ಹೇಳದೆ ಉಳಿಸಿಕೊಂಡದ್ದು.

'ರೀ, ಒಂದು ಮಾತು. ಅವತ್ತು ಆ ಚಪ್ಪಲಿ...' ಎಂದು ಶುರುಮಾಡಿ ನಿಲ್ಲಿಸಿದಳು.

'ಹರಿದಿರಲಿಲ್ಲ' ಎಂದು ಗಂಡ ತಲೆಯೆತ್ತದೆ ಹೇಳಿದ.

ಅವನು ಬೂಟು ಪಕ್ಕಕ್ಕಿಟ್ಟು, ಪೆಟ್ಟಿಗೆಯ ತಳದಿಂದ ಒಂದು ತಗಡಿನ ಡಬ್ಬಿ ತೆಗೆದು, ಮೊಳೆಗಳ ನಡುವೆ ಬೆರಳಾಡಿಸಿ, ಒಣಗಿ ಕಪ್ಪಾದ ತೊಗಲಿನ ಉಂಗುಷ್ಟವೊಂದನ್ನು ಅವಳ ಅಂಗೈಯಲ್ಲಿಟ್ಟ.

'ಹರಿದ ತೊಗಲು ನಾರು ಬಿಡುತ್ತೆ. ಇದರಲ್ಲಿ ಒಂದು ಎಳೆಯಾದ್ರೂ ಕಾಣುತ್ತಾ? ಬಣ್ಣದ ಡಬ್ಬಿ ಚಾಕು, ಅಲ್ವಾ? ಅಂಚಿನಲ್ಲಿ ಕೆಂಪು ಬಣ್ಣ ಅಂಟಿತ್ತು. ಕೊಯ್ದದ್ದಕ್ಕೂ ಹರಿದದ್ದಕ್ಕೂ ವ್ಯತ್ಯಾಸ ಗೊತ್ತಾಗದಿದ್ರೆ ಈ ಪೆಟ್ಟಿಗೆ ಮುಂದೆ ನಾನ್ಯಾಕೆ ಕೂತಿರ್ಬೇಕು?'

ಐವತ್ತೆಂಟು ವರ್ಷದ ಕೋಲಕ್ಕನಿಗೆ ಕಿವಿಯವರೆಗೆ ನಾಚಿಕೆ ಬಂತು. 'ಮೂರು ದಿನ ನಿಮ್ಮ ಮುಂದೆ ಓಡಾಡಿದೆ. ದಾರೀಲಿ ಇದ್ದಬದ್ದವರೆಲ್ಲ ಬಾಯಿಬಿಟ್ಕೊಂಡು ನನ್ನ ಎತ್ತರ ನೋಡೋರು. ನೀವೊಬ್ರು ಬರೀ ಕಾಲು ನೋಡ್ತಿದ್ರಿ. ಒಂದ್ಸಲ ತಲೆ ಎತ್ತಲಿ ಅಂತ... ಗೊತ್ತಿದ್ರೆ ಅವತ್ತೇ ಯಾಕೆ ಹೇಳಲಿಲ್ಲ?'

'ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ. ಎರಡು ನಿಮಿಷದ ಹೊಲಿಗೆ ಅದು. ಹೊಲಿದು ಕೊಟ್ಟಿದ್ರೆ ಬಾವುಟ ಬೀಳೋಕೆ ಮುಂಚೆ ಕಂಬ ಮುಟ್ಟಿರ್ತಿದ್ದೆ ನೀನು. ಅದಕ್ಕೇ ಬಿಚ್ಚಿ ಬಿಚ್ಚಿ ಹೊಲಿದೆ, ಕೊನೆಗೆ ಹೊಸ ಉಂಗುಷ್ಟ ಹಾಕಿ ಇದನ್ನ ಇಟ್ಕೊಂಡೆ.'

ತಲೆಯ ಮೇಲೆ ಮಗಳ ರೈಲು ಬಂದು, ಕೆಮ್ಮಿ, ನಿಂತಿತು. ಗೋಡೆ ನಡುಗಿ ಡಬ್ಬಿಯೊಳಗಿನ ಮೊಳೆಗಳು ಗಲಗಲ ಅಂದವು. ಕೋಲಕ್ಕ ಉಂಗುಷ್ಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅಳುವೋ ನಗುವೋ ಗೊತ್ತಾಗದ ದನಿಯಲ್ಲಿ ಅಂದಳು. 'ಥೂ ನಿಮ್ಮ! ಮೂವತ್ತೇಳು ವರ್ಷ ಪಾಪವೆಲ್ಲ ನನ್ನೊಬ್ಬಳದೇ ಅಂತ ಹೊತ್ಕೊಂಡಿದ್ನಲ್ರೀ. ಮೇಲೆ ನೋಡಿದ್ರೆ ಆ ಕಲ್ಲಿನ ಮೇಲೆ ಆಳವಾದ ಅಧ್ಯಯನ ಅಂತೆ!'

ಗಂಡ ಬೂಟನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದ.

'ಅದೇನು ಸುಳ್ಳಲ್ಲ ಬಿಡು' ಅಂದ. 'ಅರ್ಧ ಗಂಟೆ ಮಾಡಿದ್ದೆ.'